ಪರಮಾಣು ಅಪಘಾತದ ನಂತರ ಥೈರಾಯ್ಡ್ ಗ್ರಂಥಿಗೆ ತಗುಲಿದ ವಿಕಿರಣ ಪ್ರಮಾಣದ ಅಂದಾಜು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪರಮಾಣು ವಿದ್ಯುತ್ ಸ್ಥಾವರವೊಂದರಲ್ಲಿ ಅಪಘಾತ ಸಂಭವಿಸಿ ವಿಕಿರಣಶೀಲ ವಸ್ತುಗಳು ಹೊರಬಿದ್ದಾಗ, ಆ ಪ್ರದೇಶದ ಜನರ ಥೈರಾಯ್ಡ್ ಗ್ರಂಥಿಗೆ ತಗುಲಿದ ವಿಕಿರಣದ ಪ್ರಮಾಣವನ್ನು ಯಾವ ರೀತಿಯಲ್ಲಿ ಅಂದಾಜು ಮಾಡಲಾಗುತ್ತದೆ, ಅದಕ್ಕೆ ಯಾವ ಅಳತೆ ಮತ್ತು ದಾಖಲೆಗಳು ಆಧಾರ, ಆ ಅಂದಾಜನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಪುಟದಲ್ಲಿ ಒದಗಿಸಲಾಗಿದೆ.

ವಿಷಯವು ತಾಂತ್ರಿಕವಾದುದಾದರೂ ಅದರ ಪರಿಣಾಮ ವಿಜ್ಞಾನಿಗಳಿಗೆ ಮಾತ್ರ ಸೀಮಿತವಲ್ಲ. ಚೆರ್ನೋಬಿಲ್ ಸಂತ್ರಸ್ತರಿಗಾಗಿ ಉಕ್ರೇನ್ ದೇಶವು 1991ರಲ್ಲಿ ಮಾಡಿದ ಕಾನೂನಿನಲ್ಲಿ, ಮಕ್ಕಳ ಥೈರಾಯ್ಡ್ ಗ್ರಂಥಿಗೆ ತಗುಲಿದ ವಿಕಿರಣವು ಆ ದೇಶದ ಆರೋಗ್ಯ ಸಚಿವಾಲಯ ಗೊತ್ತುಪಡಿಸಿದ ಮಟ್ಟವನ್ನು ಮೀರಿದ್ದಲ್ಲಿ ಅದನ್ನೂ ಸಂತ್ರಸ್ತರೆಂಬ ಮಾನ್ಯತೆಗೆ ಒಂದು ಆಧಾರವೆಂದು ಪರಿಗಣಿಸಲಾಗಿದೆ. ಅಂದರೆ ಮಗುವಿನ ಹೆಸರಿನ ಮುಂದೆ ಬರೆದ ಒಂದು ಸಂಖ್ಯೆಯ ಮೇಲೆ ಆ ಕುಟುಂಬಕ್ಕೆ ದೊರೆಯುವ ಸೌಲಭ್ಯವು ನಿಂತಿರುತ್ತದೆ. ಅಂತಹ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ನಾಗರಿಕರು ತಿಳಿದಿರುವುದು ಸೂಕ್ತ.

ಥೈರಾಯ್ಡ್ ಗ್ರಂಥಿಯೇ ಏಕೆ?

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ಹಾರ್ಮೋನುಗಳನ್ನು ತಯಾರಿಸಲು ಆಹಾರದಲ್ಲಿರುವ ಅಯೋಡಿನನ್ನು ಹೀರಿಕೊಳ್ಳುತ್ತದೆ. ಅಯೋಡಿನ್ ಸಾಮಾನ್ಯವಾದುದೋ ವಿಕಿರಣಶೀಲವಾದುದೋ ಎಂಬ ಭೇದ ಗ್ರಂಥಿಗೆ ತಿಳಿಯದು. ಪರಮಾಣು ರಿಯಾಕ್ಟರಿನಲ್ಲಿ ಯುರೇನಿಯಂ ವಿದಳನಗೊಂಡಾಗ ಹುಟ್ಟುವ ವಸ್ತುಗಳಲ್ಲಿ ಅಯೋಡಿನ್-131 ಒಂದು. ಅದು ಸುಲಭವಾಗಿ ಆವಿಯಾಗುವುದರಿಂದ ಅಪಘಾತದಲ್ಲಿ ಮೊದಲಿಗೆ ಹೊರಬೀಳುವ ವಸ್ತುಗಳ ಸಾಲಿಗೆ ಸೇರುತ್ತದೆ. ದೇಹವನ್ನು ಪ್ರವೇಶಿಸಿದ ಅಯೋಡಿನ್-131ರಲ್ಲಿ ಸುಮಾರು ಶೇ. 30ರಷ್ಟು ಥೈರಾಯ್ಡ್‌ನಲ್ಲಿ ಶೇಖರವಾಗುತ್ತದೆ ಎಂದು ಲೆಕ್ಕಾಚಾರಗಳಲ್ಲಿ ಪರಿಗಣಿಸಲಾಗುತ್ತದೆ. ಆಹಾರದಲ್ಲಿ ಅಯೋಡಿನ್ ಕೊರತೆ ಇರುವ ಪ್ರದೇಶದವರ ಗ್ರಂಥಿಯು ಇದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ.

ವಯಸ್ಕರ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಒಂದು ವರ್ಷದ ಮಗುವಿನ ಗ್ರಂಥಿಯು 2 ಗ್ರಾಂಗಿಂತಲೂ ಕಡಿಮೆ ತೂಗುತ್ತದೆ. ವಿಕಿರಣದ ಪ್ರಮಾಣವೆಂದರೆ ಅಂಗಾಂಶದ ಪ್ರತಿ ಕಿಲೋಗ್ರಾಂಗೆ ಸಂದಾಯವಾದ ಶಕ್ತಿ. ಆದುದರಿಂದ ಒಂದೇ ಪಾತ್ರೆಯ ಹಾಲನ್ನು ಸಮಪಾಲು ಮಾಡಿ ತಂದೆ ಮತ್ತು ಮಗು ಕುಡಿದರೂ ಮಗುವಿನ ಗ್ರಂಥಿಗೆ ತಗುಲುವ ಪ್ರಮಾಣ ತಂದೆಗಿಂತ ಸುಮಾರು ಎಂಟು ಪಟ್ಟು ಹೆಚ್ಚಾಗುತ್ತದೆ. ಈ ಪುಟದಲ್ಲಿ ಮಕ್ಕಳ ಪ್ರಸ್ತಾಪ ಪದೇ ಪದೇ ಬರುವುದಕ್ಕೆ ಇದೇ ಕಾರಣ.

ಬಳಸಲಾದ ಮಾನಗಳು

ವಸ್ತುವೊಂದರಲ್ಲಿ ಪ್ರತಿ ಸೆಕೆಂಡಿಗೆ ಒಂದು ಪರಮಾಣು ವಿಘಟನೆ ಹೊಂದಿದರೆ ಅದು 1 ಬೆಕೆರೆಲ್. ಅಂಗಾಂಶಕ್ಕೆ ಸಂದಾಯವಾದ ಶಕ್ತಿಯ ಮಾನ ಗ್ರೇ. ಅದರ ಸಾವಿರದಲ್ಲಿ ಒಂದು ಭಾಗ ಮಿಲಿಗ್ರೇ. ಹಳೆಯ ಕಡತಗಳಲ್ಲಿ ರ‍್ಯಾಡ್ ಎಂಬ ಮಾನ ಕಾಣಬಹುದು. 100 ರ‍್ಯಾಡ್ ಎಂದರೆ 1 ಗ್ರೇ. ಅಯೋಡಿನ್-131 ವಿಷಯದಲ್ಲಿ ಥೈರಾಯ್ಡ್‌ಗೆ ಸಂಬಂಧಿಸಿದ ಮಿಲಿಗ್ರೇ ಮತ್ತು ಮಿಲಿಸೀವರ್ಟ್ ಸಂಖ್ಯೆಗಳು ಒಂದೇ ಆಗಿರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪತ್ರಿಕೆಗಳಲ್ಲಿ ಪ್ರಕಟವಾಗುವ ಮಿಲಿಸೀವರ್ಟ್ ಅಂಕಿಗಳು ಬಹುತೇಕ ಇಡೀ ದೇಹಕ್ಕೆ ಸಂಬಂಧಿಸಿದ ಪರಿಣಾಮಕಾರಿ ಪ್ರಮಾಣಗಳು. ಅಂತಾರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ 2007ರ ಶಿಫಾರಸಿನಂತೆ ಆ ಲೆಕ್ಕದಲ್ಲಿ ಥೈರಾಯ್ಡ್‌ಗೆ ಇರುವ ಪಾಲು ಶೇ. 4 ಮಾತ್ರ. ಥೈರಾಯ್ಡ್‌ಗೆ 100 ಮಿಲಿಸೀವರ್ಟ್ ತಗುಲಿದ್ದರೆ ದೇಹದ ಲೆಕ್ಕದಲ್ಲಿ ಅದು 4 ಮಿಲಿಸೀವರ್ಟ್ ಎಂದು ನಮೂದಾಗುತ್ತದೆ. ಎರಡೂ ಸರಿಯೇ, ಆದರೆ ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಅನರ್ಥ. ದಾಖಲೆ ಪಡೆಯುವವರು ಅದರಲ್ಲಿ "ಥೈರಾಯ್ಡ್" ಎಂಬ ಪದ ಇದೆಯೇ ಎಂದು ಮೊದಲು ನೋಡಿಕೊಳ್ಳತಕ್ಕದ್ದು.

ಕಾಲಮಿತಿ

ಅಯೋಡಿನ್-131ರ ಅರ್ಧಾಯು ಸುಮಾರು 8 ದಿನ. ಲೆಕ್ಕಪತ್ರ ಬಲ್ಲವರು ಇದನ್ನು ಇಳಿಕೆ ಶಿಲ್ಕಿನ ಮೇಲೆ ಕಳೆಯುವ ಸವಕಳಿಗೆ ಹೋಲಿಸಿಕೊಳ್ಳಬಹುದು: ಪ್ರತಿ ಎಂಟು ದಿನಕ್ಕೊಮ್ಮೆ ಉಳಿದ ಶಿಲ್ಕಿನಲ್ಲಿ ಅರ್ಧ ವಜಾ. ಹದಿನಾರನೆಯ ದಿನ ಕಾಲು ಭಾಗ, ನಲವತ್ತನೆಯ ದಿನ ಮೂವತ್ತೆರಡರಲ್ಲಿ ಒಂದು ಪಾಲು, ಎಂಬತ್ತನೆಯ ದಿನ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಇದರ ಜೊತೆಗೆ ದೇಹವೂ ಅಯೋಡಿನನ್ನು ನಿಧಾನವಾಗಿ ವಿಸರ್ಜಿಸುತ್ತಿರುತ್ತದೆ. ಎರಡೂ ಸೇರಿ ವಯಸ್ಕರ ಗ್ರಂಥಿಯಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 7.3 ದಿನ, ಒಂದು ವರ್ಷದ ಮಗುವಿನಲ್ಲಿ ಸುಮಾರು 5 ದಿನ ಸಾಕು.

ಇದರಿಂದ ಎರಡು ಸಂಗತಿಗಳು ಸ್ಪಷ್ಟ. ಒಂದು, ವಿಕಿರಣ ತಗುಲುವ ಅವಧಿ ಕೆಲವೇ ವಾರಗಳು. ಎರಡು, ಅದನ್ನು ನೇರವಾಗಿ ಅಳೆಯುವ ಅವಕಾಶವೂ ಅಷ್ಟೇ ವಾರಗಳು. ಆ ಅವಧಿ ಮುಗಿದ ಮೇಲೆ ಯಾವ ರಕ್ತಪರೀಕ್ಷೆಯೂ ಸ್ಕ್ಯಾನಿಂಗೂ ಒಬ್ಬ ವ್ಯಕ್ತಿಯ ಥೈರಾಯ್ಡ್‌ಗೆ ಅಯೋಡಿನ್-131ರಿಂದ ಎಷ್ಟು ವಿಕಿರಣ ತಗುಲಿತ್ತು ಎಂದು ಹೇಳಲಾರದು. ಅಪಘಾತದ ನಂತರದ ಆಡಳಿತ ಕಾರ್ಯಗಳಲ್ಲಿ ಬಹಳಷ್ಟನ್ನು ತಡವಾಗಿಯಾದರೂ ಮಾಡಬಹುದು, ಇದೊಂದನ್ನು ಮಾಡಲಾಗದು.

ಚೆರ್ನೋಬಿಲ್ ಪ್ರಕರಣ

ಈ ವಿಷಯದಲ್ಲಿ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಚೆರ್ನೋಬಿಲ್‌ನಿಂದ ಕಲಿತದ್ದು. ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಚೆರ್ನೋಬಿಲ್ ಸ್ಥಾವರದ ನಾಲ್ಕನೆಯ ಘಟಕವು 1986ರ ಏಪ್ರಿಲ್ 26ರಂದು ಸ್ಫೋಟಗೊಂಡಿತು. ಸುಮಾರು ಹತ್ತು ದಿನಗಳ ಕಾಲ ವಿಕಿರಣಶೀಲ ವಸ್ತುಗಳು ಹೊರಬೀಳುತ್ತಲೇ ಇದ್ದವು. ವಿಶ್ವಸಂಸ್ಥೆಯ ಪರಮಾಣು ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿಯ ಅಂದಾಜಿನಂತೆ ಹೊರಬಿದ್ದ ಅಯೋಡಿನ್-131ರ ಪ್ರಮಾಣ ಸುಮಾರು 1,760 ಪೆಟಾಬೆಕೆರೆಲ್. ಒಂದು ಪೆಟಾಬೆಕೆರೆಲ್ ಎಂದರೆ ಒಂದರ ಮುಂದೆ ಹದಿನೈದು ಸೊನ್ನೆಗಳಷ್ಟು ಬೆಕೆರೆಲ್.

ಸ್ಥಾವರದ ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ನಿವಾಸಿಗಳನ್ನು ಮರುದಿನವೇ ಬಸ್ಸುಗಳಲ್ಲಿ ಸ್ಥಳಾಂತರಿಸಲಾಯಿತು. ಅವರಲ್ಲಿ ಅನೇಕರಿಗೆ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಗಳೂ ದೊರೆತಿದ್ದವು. ಅವರಿಗೆ ವಿಕಿರಣ ತಗುಲಿದ್ದು ಮುಖ್ಯವಾಗಿ ಉಸಿರಿನ ಮೂಲಕ. ಅದರಲ್ಲಿ ಅಯೋಡಿನ್-133ರಂತಹ ಅಲ್ಪಾಯುಷಿ ಅಯೋಡಿನ್‌ಗಳ ಪಾಲೂ ಇತ್ತು. ಹಳ್ಳಿಗಳ ಪರಿಸ್ಥಿತಿ ಬೇರೆ. ಅದು ದನಗಳನ್ನು ಮೇಯಲು ಬಿಡುವ ಕಾಲ. ಗಾಳಿ ಮತ್ತು ಮಳೆಯೊಂದಿಗೆ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಹುಲ್ಲನ್ನು ಮೇದ ಹಸುವಿನ ಹಾಲಿಗೆ ಎರಡು ಮೂರು ದಿನಗಳಲ್ಲಿ ಸೇರಿತು, ಹಾಲು ಮನೆಯ ಮಕ್ಕಳ ಲೋಟಕ್ಕೆ ಬಂತು. ಡೇರಿಯ ಹಾಲನ್ನು ತಡೆಹಿಡಿಯಬಹುದು. ಹಿತ್ತಲ ಹಸುವಿನ ಹಾಲನ್ನು ತಡೆಯಬೇಕಾದರೆ ಮನೆಯವರಿಗೆ ಸಕಾಲದಲ್ಲಿ ವಿಷಯ ತಿಳಿದಿರಬೇಕು. ಅದು ಬಹಳಷ್ಟು ಹಳ್ಳಿಗಳಲ್ಲಿ ಆಗಲಿಲ್ಲ. ಹಾಲಿನಲ್ಲಿ ಅಯೋಡಿನ್-131 ಲೀಟರಿಗೆ 3,700 ಬೆಕೆರೆಲ್ ಮೀರಬಾರದೆಂಬ ಮಿತಿಯನ್ನು ಸೋವಿಯತ್ ಆಡಳಿತವು ಗೊತ್ತುಪಡಿಸಿದ್ದು ಮೇ 6ರಂದು, ಅಂದರೆ ಹತ್ತು ದಿನಗಳ ನಂತರ.

ಸದರಿ ಮಿತಿಯು ಹೊಸದೇನಲ್ಲ. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿನಲ್ಲಿ ಬೆಂಕಿ ಹೊತ್ತಿಕೊಂಡಾಗ ಅಲ್ಲಿಯ ಅಧಿಕಾರಿಗಳು ಇದೇ ಮಟ್ಟವನ್ನು ಆಧರಿಸಿ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲಿನ ಮಾರಾಟವನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿದ್ದರು. ಈ ಮಿತಿಯ ಹಾಲನ್ನು ಒಂದು ವರ್ಷದ ಮಗು ದಿನಕ್ಕೆ ಅರ್ಧ ಲೀಟರ್ ಕುಡಿದರೆ ಪ್ರತಿದಿನದ ಹಾಲಿನಿಂದ ಅದರ ಥೈರಾಯ್ಡ್‌ಗೆ ಸುಮಾರು 6.7 ಮಿಲಿಗ್ರೇ ಸೇರುತ್ತದೆ. ವಯಸ್ಕರಿಗೆ ಅದೇ ಹಾಲಿನಿಂದ 1 ಮಿಲಿಗ್ರೇ ಕೂಡ ಆಗದು.

1986ರಲ್ಲಿ ಸ್ಥಳಾಂತರಗೊಂಡವರ ಥೈರಾಯ್ಡ್ ಪ್ರಮಾಣದ ಸರಾಸರಿ ಸುಮಾರು 500 ಮಿಲಿಗ್ರೇ ಎಂದು ವಿಶ್ವಸಂಸ್ಥೆಯ ಸಮಿತಿಯು ತಿಳಿಸಿದೆ. ವೈಯಕ್ತಿಕ ಪ್ರಮಾಣಗಳು 50ಕ್ಕಿಂತ ಕಡಿಮೆಯಿಂದ 5,000ಕ್ಕಿಂತ ಹೆಚ್ಚಿನವರೆಗೆ ಇದ್ದವು. ಮಲಿನಗೊಂಡ ಪ್ರದೇಶಗಳಲ್ಲಿ ಉಳಿದ ಸುಮಾರು 60 ಲಕ್ಷ ಜನರ ಸರಾಸರಿ 100 ಮಿಲಿಗ್ರೇ. ಶಾಲೆಗೆ ಸೇರುವ ವಯಸ್ಸಿಗಿಂತ ಚಿಕ್ಕ ಮಕ್ಕಳಲ್ಲಿ ಅದರ ಎರಡರಿಂದ ನಾಲ್ಕು ಪಟ್ಟು.

ಕತ್ತಿನ ಬಳಿಯ ನೇರ ಅಳತೆ

1986ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಉಕ್ರೇನ್, ಬೆಲಾರೂಸ್ ಮತ್ತು ರಷ್ಯಾದಲ್ಲಿ ಒಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು ಥೈರಾಯ್ಡ್ ಅಳತೆಗಳನ್ನು ಮಾಡಲಾಯಿತು. ಅಪಘಾತದ ಗೊಂದಲದ ನಡುವೆ ನಡೆದ ಈ ಕೆಲಸವು ಈ ಪ್ರಕರಣದಲ್ಲಿ ಮೆಚ್ಚತಕ್ಕ ಅಂಶ.

ವಿಧಾನ ಸರಳ. ಅಯೋಡಿನ್-131 ಹೊರಸೂಸುವ ಗಾಮಾ ಕಿರಣಗಳು ಚರ್ಮವನ್ನು ದಾಟಿ ಹೊರಗೆ ಬರುತ್ತವೆ. ಮಾಪಕದ ತುದಿಯನ್ನು ಕತ್ತಿಗೆ ತಾಗಿಸಿ ಹಿಡಿದು ಕಾಣಿಸಿದ ಅಂಕಿಯನ್ನು ಬರೆದುಕೊಳ್ಳುವುದು; ಅದರಿಂದ ಸುತ್ತಲಿನ ಪರಿಸರದ ವಿಕಿರಣವನ್ನು ಕಳೆಯುವುದು; ಉಳಿದುದನ್ನು ಗ್ರಂಥಿಯಲ್ಲಿರುವ ಬೆಕೆರೆಲ್‌ಗಳಿಗೆ ಪರಿವರ್ತಿಸುವುದು. ಪರಿವರ್ತನೆಗೆ ಬೇಕಾದ ಗುಣಾಂಕವನ್ನು ಕತ್ತಿನ ಮಾದರಿಯೊಳಗೆ ಪ್ರಮಾಣ ತಿಳಿದ ಅಯೋಡಿನನ್ನು ಇಟ್ಟು ಕಂಡುಕೊಳ್ಳಲಾಗುತ್ತದೆ.

ತೊಡಕುಗಳಿದ್ದವು. ಬಳಸಿದ ಉಪಕರಣಗಳಲ್ಲಿ ಎಸ್‌ಆರ್‌ಪಿ-68-01 ಎಂಬುದು ಹರಳು ಆಧಾರಿತ ಸೂಕ್ಷ್ಮ ಮಾಪಕ. ಡಿಪಿ-5 ಎಂಬುದು ಸೇನೆಯ ಬಳಕೆಗಾಗಿ ಮಾಡಿದ ಒರಟು ಉಪಕರಣ. ಎರಡೂ ಒಟ್ಟು ಗಾಮಾ ವಿಕಿರಣವನ್ನು ತೋರಿಸುತ್ತಿದ್ದವೇ ಹೊರತು ಅದು ಯಾವ ವಸ್ತುವಿನದೆಂದು ಬಿಡಿಸಿ ಹೇಳುತ್ತಿರಲಿಲ್ಲ. ಅಂಗಿಯ ಕಾಲರಿನ ಮೇಲಿದ್ದ ಧೂಳು, ಕೂದಲಲ್ಲಿ ಸೇರಿದ್ದ ಮಾಲಿನ್ಯ, ದೇಹದ ಇತರ ಭಾಗಗಳಲ್ಲಿದ್ದ ಸೀಸಿಯಂ ಇವೆಲ್ಲವೂ ಅದೇ ಮುಳ್ಳನ್ನು ಮೇಲೇರಿಸುತ್ತಿದ್ದವು. ಆದುದರಿಂದ ಅಂತಹ ಪ್ರತಿ ಅಂಕಿಯನ್ನೂ ನಂತರದ ವರ್ಷಗಳಲ್ಲಿ ಮತ್ತೆ ಪರಿಶೀಲಿಸಿ ತಿದ್ದಬೇಕಾಯಿತು. ಅಳೆಯುವ ಮುನ್ನ ಮುಖ, ಕತ್ತು ತೊಳೆಸಿ ಬಟ್ಟೆ ಬದಲಿಸಿದ್ದ ಕಡೆಗಳಲ್ಲಿ ಈ ತೊಂದರೆ ಕಡಿಮೆ.

ಅಳತೆಯಿಂದ ಒಟ್ಟು ಪ್ರಮಾಣಕ್ಕೆ

ಅಳತೆಯ ದಿನ ಗ್ರಂಥಿಯಲ್ಲಿ ಇದ್ದದ್ದೆಷ್ಟು ಎಂಬುದು ಆ ದಿನದ ಶಿಲ್ಕು ಮಾತ್ರ. ನಮಗೆ ಬೇಕಾದುದು ಮೊದಲ ದಿನದಿಂದ ಕೊನೆಯವರೆಗಿನ ಒಟ್ಟು ಮೊತ್ತ. ಅದಕ್ಕಾಗಿ ಹಿಂದಕ್ಕೆ ಲೆಕ್ಕ ಹಾಕಬೇಕಾಗುತ್ತದೆ. ಒಂದು ಉದಾಹರಣೆಯನ್ನು ಗಮನಿಸಬಹುದು.

ಅಪಘಾತದ ಇಪ್ಪತ್ತು ದಿನಗಳ ನಂತರ ವಯಸ್ಕರೊಬ್ಬರ ಥೈರಾಯ್ಡ್‌ನಲ್ಲಿ 1,000 ಬೆಕೆರೆಲ್ ಇದೆಯೆಂದು ಕಂಡುಬಂತು ಎಂದುಕೊಳ್ಳೋಣ. ಅವರು ಅಪಘಾತದ ದಿನವೇ ಅಯೋಡಿನನ್ನು ಸೇವಿಸಿದ್ದರೆ, 7.3 ದಿನಗಳಿಗೊಮ್ಮೆ ಅರ್ಧವಾಗುವ ಲೆಕ್ಕದಲ್ಲಿ ಅಂದು ಗ್ರಂಥಿಯಲ್ಲಿ ಸುಮಾರು 6,700 ಬೆಕೆರೆಲ್ ಇದ್ದಿರಬೇಕು. ಒಟ್ಟು ಪ್ರಮಾಣ ಸುಮಾರು 9.6 ಮಿಲಿಗ್ರೇ. ಅದೇ ವ್ಯಕ್ತಿ ಹತ್ತನೆಯ ದಿನ ಸೇವಿಸಿದ್ದರೆ ಅಂದು ಇದ್ದದ್ದು ಸುಮಾರು 2,600 ಬೆಕೆರೆಲ್. ಒಟ್ಟು ಪ್ರಮಾಣ 3.7 ಮಿಲಿಗ್ರೇ. ಮಾಪಕದ ಅಂಕಿ ಒಂದೇ, ಉತ್ತರ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು ಬೇರೆ. ವಾಸ್ತವದಲ್ಲಿ ಜನರು ಒಂದೇ ದಿನ ಸೇವಿಸುವುದಿಲ್ಲ. ಹಾಲು ಕುಡಿಯುವುದನ್ನು ನಿಲ್ಲಿಸುವವರೆಗೆ ದಿನವೂ ಸ್ವಲ್ಪ ಸ್ವಲ್ಪ ಸೇರುತ್ತಿರುತ್ತದೆ. ಆದುದರಿಂದ ಮಾಪಕದಷ್ಟೇ ಮುಖ್ಯವಾದುದು ಪ್ರಶ್ನಾವಳಿ: ಆ ದಿನಗಳಲ್ಲಿ ಎಲ್ಲಿದ್ದಿರಿ, ಯಾವ ದಿನ ಊರು ಬಿಟ್ಟಿರಿ, ಹಾಲು ಎಲ್ಲಿಯದು, ದಿನಕ್ಕೆ ಎಷ್ಟು, ಯಾವಾಗ ನಿಲ್ಲಿಸಿದಿರಿ, ಸೊಪ್ಪು ತಿಂದಿರಾ, ಮಾತ್ರೆ ನುಂಗಿದ್ದು ಯಾವ ದಿನ ಯಾವ ಹೊತ್ತಿನಲ್ಲಿ.

ಇನ್ನೊಂದು ಉದಾಹರಣೆಯಿಂದ ವಯಸ್ಸಿನ ಪ್ರಭಾವ ತಿಳಿಯುತ್ತದೆ. ಗ್ರಂಥಿಯಲ್ಲಿ ಒಂದು ದಿನ 10,000 ಬೆಕೆರೆಲ್ ಇದ್ದು ಹೊಸದಾಗಿ ಏನೂ ಸೇರದಿದ್ದರೆ, ಅಲ್ಲಿಂದ ಮುಂದೆ ವಯಸ್ಕರಿಗೆ ತಗುಲುವುದು ಸುಮಾರು 14 ಮಿಲಿಗ್ರೇ. ಒಂದು ವರ್ಷದ ಮಗುವಿಗೆ ಸುಮಾರು 120 ಮಿಲಿಗ್ರೇ. ಮಗುವಿನ ದೇಹವು ಅಯೋಡಿನನ್ನು ಬೇಗ ಹೊರಹಾಕಿದರೂ ಗ್ರಂಥಿಯ ಕಿರಿದಾದ ಗಾತ್ರದ ಮುಂದೆ ಆ ಅನುಕೂಲ ಸಾಲದು.

ಅಳತೆ ಆಗದವರ ಅಂದಾಜು

ಮೂರೂವರೆ ಲಕ್ಷ ಅಳತೆಗಳು ದೊಡ್ಡ ಸಂಖ್ಯೆಯೇ ಆದರೂ ಬಾಧಿತರು ಲಕ್ಷಾಂತರ. ಉಳಿದವರಿಗೆ ಪರೋಕ್ಷ ವಿಧಾನಗಳನ್ನು ಅನುಸರಿಸಲಾಯಿತು. ಒಂದೇ ಹಳ್ಳಿಯ, ಒಂದೇ ವಯಸ್ಸಿನ, ಒಂದೇ ಬಗೆಯ ಆಹಾರ ಪದ್ಧತಿಯವರಲ್ಲಿ ಕೆಲವರನ್ನು ಅಳೆದಿದ್ದರೆ ಅವರ ಸರಾಸರಿಯನ್ನು ಉಳಿದವರಿಗೆ ಅನ್ವಯಿಸಬಹುದು. ಯಾರನ್ನೂ ಅಳೆಯದ ಹಳ್ಳಿಗಳಿಗೆ, ಮಣ್ಣಿನಲ್ಲಿ ಉಳಿದ ಸೀಸಿಯಂ-137ರ ಪ್ರಮಾಣದಿಂದ ಅಂದು ಬಿದ್ದಿದ್ದ ಅಯೋಡಿನ್ ಎಷ್ಟೆಂದು ಊಹಿಸಿ, ಹುಲ್ಲು, ಹಸು, ಹಾಲು, ಮನುಷ್ಯ ಎಂಬ ಸರಪಳಿಯನ್ನು ಗಣಿತದ ಮೂಲಕ ಮರುನಿರ್ಮಿಸಲಾಗುತ್ತದೆ. ಆದರೆ ಅಯೋಡಿನ್ ಮತ್ತು ಸೀಸಿಯಂಗಳ ಅನುಪಾತವು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಒಣ ಹವೆಯಲ್ಲಿ ಬಿದ್ದ ಕಡೆಗೂ ಮಳೆಯೊಂದಿಗೆ ಬಿದ್ದ ಕಡೆಗೂ ವ್ಯತ್ಯಾಸವಿತ್ತು.

ಇಲ್ಲಿ ಅಯೋಡಿನ್-129 ಎಂಬ ಇನ್ನೊಂದು ವಸ್ತು ನೆರವಿಗೆ ಬಂತು. ರಿಯಾಕ್ಟರಿನಿಂದ ಅಯೋಡಿನ್-131ರ ಜೊತೆಯಲ್ಲೇ ಹೊರಬಿದ್ದ ಇದರ ಅರ್ಧಾಯು ಒಂದು ಕೋಟಿ ಐವತ್ತು ಲಕ್ಷ ವರ್ಷಗಳಿಗೂ ಹೆಚ್ಚು. ಆದುದರಿಂದ ಹಲವು ವರ್ಷಗಳ ನಂತರವೂ ಮಣ್ಣಿನಲ್ಲಿ ಅದನ್ನು ಪತ್ತೆ ಮಾಡಿ, ಮರೆಯಾಗಿ ಹೋದ ಅಯೋಡಿನ್-131 ಆ ಜಾಗದಲ್ಲಿ ಎಷ್ಟು ಬಿದ್ದಿತ್ತು ಎಂದು ತಿಳಿಯಲು ಸಾಧ್ಯವಾಯಿತು. ನೆಲಕ್ಕೆ ಬಿದ್ದದ್ದು ತಿಳಿದರೂ ಲೋಟಕ್ಕೆ ಬಂದದ್ದು ತಿಳಿಯಲು ಮತ್ತೆ ಜನರ ನೆನಪನ್ನೇ ಆಶ್ರಯಿಸಬೇಕು. ಹತ್ತಾರು ವರ್ಷಗಳ ಹಿಂದೆ ಮಗು ದಿನಕ್ಕೆ ಎಷ್ಟು ಹಾಲು ಕುಡಿಯುತ್ತಿತ್ತು ಎಂದು ತಾಯಿಯನ್ನು ಕೇಳಿ ಪಡೆದ ಉತ್ತರದ ಮೇಲೆ ನಿಂತ ಸಂಖ್ಯೆಗೆ ದಶಮಾಂಶದ ನಂತರ ಎರಡು ಸ್ಥಾನ ಬರೆಯುವುದರಲ್ಲಿ ಅರ್ಥವಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಇದೇ ಬಗೆಯ ಲೆಕ್ಕ ನಡೆದಿದೆ. ನೆವಾಡ ಮರುಭೂಮಿಯಲ್ಲಿ 1950ರ ದಶಕದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳ ಅಯೋಡಿನ್-131 ಕುರಿತು ಅಲ್ಲಿಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1997ರಲ್ಲಿ ಕೌಂಟಿವಾರು ಅಂದಾಜುಗಳನ್ನು ಪ್ರಕಟಿಸಿತು. ಹುಟ್ಟಿದ ದಿನಾಂಕ, ವಾಸಿಸಿದ ಊರು ಮತ್ತು ಕುಡಿದ ಹಾಲಿನ ವಿವರ ನೀಡಿ ನಾಗರಿಕರೇ ತಮ್ಮ ಅಂದಾಜನ್ನು ಪಡೆಯುವ ವ್ಯವಸ್ಥೆಯನ್ನೂ ಆ ಸಂಸ್ಥೆ ಅಂತರ್ಜಾಲದಲ್ಲಿ ಒದಗಿಸಿತು.

ಅಂದಾಜು ಎಷ್ಟು ನಂಬಲರ್ಹ?

ನೇರ ಅಳತೆ ಇರುವವರ ಅಂದಾಜು ಪರೋಕ್ಷ ಅಂದಾಜಿಗಿಂತ ಬಹಳ ಮೇಲು. ಆದರೂ ಅದರಲ್ಲಿಯೂ ವಾಸ್ತವ ಪ್ರಮಾಣವು ಅಂದಾಜಿನ ಅರ್ಧದಷ್ಟೋ ಎರಡರಷ್ಟೋ ಇರಬಹುದಾದ ಅವಕಾಶವಿದೆ. ಗ್ರಂಥಿಯ ತೂಕವೇ ಇದಕ್ಕೆ ಒಂದು ಮುಖ್ಯ ಕಾರಣ. ಬೆಲಾರೂಸ್ ಮತ್ತು ಉಕ್ರೇನಿನ ಬಾಧಿತ ಪ್ರದೇಶಗಳಲ್ಲಿ ಅಯೋಡಿನ್ ಕೊರತೆಯಿದ್ದು, ಅಲ್ಲಿನ ಮಕ್ಕಳ ಗ್ರಂಥಿಗಳು ಪುಸ್ತಕದ ಪ್ರಮಾಣಕ್ಕಿಂತ ದೊಡ್ಡವಿದ್ದವು. ಗ್ರಂಥಿ ದೊಡ್ಡದಾದಷ್ಟೂ ಪ್ರತಿ ಗ್ರಾಂಗೆ ತಗುಲುವ ಪ್ರಮಾಣ ಕಡಿಮೆ. ಆದರೆ ಕೊರತೆಯಿರುವ ಗ್ರಂಥಿ ಹೆಚ್ಚು ಹೀರುತ್ತದೆ. ಎರಡನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ.

ಇಷ್ಟೆಲ್ಲ ಅನಿಶ್ಚಿತತೆಯ ನಡುವೆಯೂ ಈ ಲೆಕ್ಕಗಳು ವ್ಯರ್ಥವಾಗಲಿಲ್ಲ. ಬೆಲಾರೂಸಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚುತ್ತಿರುವುದನ್ನು ಅಲ್ಲಿನ ವೈದ್ಯರು 1992ರಲ್ಲಿ ನೇಚರ್ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದಾಗ ಅದು ವಿಕಿರಣದಿಂದಲೇ ಆದುದೇ ಎಂದು ಅನೇಕರು ಶಂಕಿಸಿದ್ದರು. ನೇರ ಅಳತೆ ಆಗಿದ್ದ ಉಕ್ರೇನಿನ 13 ಸಾವಿರಕ್ಕೂ ಹೆಚ್ಚು ಮತ್ತು ಬೆಲಾರೂಸಿನ ಸುಮಾರು 12 ಸಾವಿರ ಮಂದಿಯನ್ನು ವರ್ಷಗಟ್ಟಲೆ ತಪಾಸಣೆ ಮಾಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶಗಳು, ಬಾಲ್ಯದಲ್ಲಿ ತಗುಲಿದ ಪ್ರತಿ 1 ಗ್ರೇಗೆ ಥೈರಾಯ್ಡ್ ಕ್ಯಾನ್ಸರಿನ ಅಪಾಯವು ಸುಮಾರು ಮೂರು ಪಟ್ಟಾಗುತ್ತದೆ ಎಂದು ತೋರಿಸಿದವು. ಅಂದು ಕತ್ತಿಗೆ ಮಾಪಕ ಹಿಡಿದು ಪುಸ್ತಕದಲ್ಲಿ ಅಂಕಿ ಬರೆದಿಟ್ಟ ಸಿಬ್ಬಂದಿ ಇಲ್ಲದಿದ್ದರೆ ಈ ಫಲಿತಾಂಶವಿಲ್ಲ. 1986ರಲ್ಲಿ 18 ವರ್ಷದೊಳಗಿದ್ದವರಲ್ಲಿ 1991ರಿಂದ 2015ರವರೆಗೆ ಮೂರು ದೇಶಗಳ ಬಾಧಿತ ಪ್ರದೇಶಗಳಲ್ಲಿ 19 ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾಗಿದ್ದು, ಅವುಗಳಲ್ಲಿ ಸುಮಾರು ಕಾಲು ಭಾಗವನ್ನು ವಿಕಿರಣಕ್ಕೆ ಆರೋಪಿಸಬಹುದೆಂದು ವಿಶ್ವಸಂಸ್ಥೆಯ ಸಮಿತಿಯು 2018ರಲ್ಲಿ ಅಭಿಪ್ರಾಯಪಟ್ಟಿದೆ. ಸಕಾಲದಲ್ಲಿ ಪತ್ತೆಯಾದರೆ ಈ ಕ್ಯಾನ್ಸರ್ ಬಹುಪಾಲು ಗುಣವಾಗತಕ್ಕದ್ದು ಎಂಬುದನ್ನೂ ಗಮನಿಸುವುದು.

ಫುಕುಷಿಮಾ

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದಾಗಿ ಜಪಾನಿನ ಫುಕುಷಿಮಾ ಸ್ಥಾವರದಲ್ಲಿ ಅಪಘಾತ ಸಂಭವಿಸಿತು. ಮಾರ್ಚ್ 17ರಂದೇ ಹಾಲು ಮತ್ತು ನೀರಿಗೆ ಕಿಲೋಗ್ರಾಂಗೆ 300 ಬೆಕೆರೆಲ್ ಎಂಬ ತಾತ್ಕಾಲಿಕ ಮಿತಿಯನ್ನು ಜಾರಿಗೊಳಿಸಲಾಯಿತು. ಅದು ಚಳಿಗಾಲದ ಕೊನೆಯಾದುದರಿಂದ ಹಸುಗಳು ಬಹುತೇಕ ಕೊಟ್ಟಿಗೆಯಲ್ಲಿದ್ದು ದಾಸ್ತಾನು ಮೇವನ್ನು ತಿನ್ನುತ್ತಿದ್ದವು. ಹೀಗಾಗಿ ಥೈರಾಯ್ಡ್ ಪ್ರಮಾಣಗಳು ಚೆರ್ನೋಬಿಲ್‌ಗಿಂತ ಬಹಳ ಕಡಿಮೆ; ಸ್ಥಳಾಂತರಗೊಂಡ ಊರುಗಳ ಶಿಶುಗಳಿಗೂ ಮೊದಲ ವರ್ಷದ ಸರಾಸರಿ ಸುಮಾರು 2ರಿಂದ 30 ಮಿಲಿಗ್ರೇ ಎಂದು ವಿಶ್ವಸಂಸ್ಥೆಯ ಸಮಿತಿಯ ಇತ್ತೀಚಿನ ಅಂದಾಜು ಹೇಳುತ್ತದೆ.

ಆದರೆ ನೇರ ಅಳತೆಯ ವಿಷಯದಲ್ಲಿ ಜಪಾನ್ ಹಿಂದೆ ಬಿತ್ತು. ಇವಾಕಿ, ಕವಾಮಾತಾ ಮತ್ತು ಇಟಾಟೆ ಪ್ರದೇಶಗಳಲ್ಲಿ ಮಾರ್ಚ್ ಕೊನೆಯ ವಾರದಲ್ಲಿ 1,080 ಮಕ್ಕಳನ್ನು ಅಳೆಯಲಾಯಿತು. ಒಂದು ವರ್ಷದ ಮಗುವಿಗೆ 100 ಮಿಲಿಸೀವರ್ಟ್‌ಗೆ ಸಮನಾದ ಗಂಟೆಗೆ 0.2 ಮೈಕ್ರೋಸೀವರ್ಟ್ ಎಂಬ ಮಿತಿಯನ್ನು ಯಾವ ಮಗುವೂ ಮೀರಿರಲಿಲ್ಲ. ಏಪ್ರಿಲಿನಲ್ಲಿ ವಿಶ್ವವಿದ್ಯಾಲಯದ ತಂಡವೊಂದು ಹೆಚ್ಚು ನಿಖರ ಉಪಕರಣದಿಂದ 62 ಜನರನ್ನು ಅಳೆಯಿತು. ದೊಡ್ಡ ಪ್ರಮಾಣದ ಅಳತೆಗೆ ಆ ನಂತರ ಕಾಲ ಉಳಿಯಲಿಲ್ಲ. ತರುವಾಯ ಸುಮಾರು 3 ಲಕ್ಷ ಮಕ್ಕಳಿಗೆ ಅಲ್ಟ್ರಾಸೌಂಡ್ ತಪಾಸಣೆ ನಡೆದು ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಕ್ಯಾನ್ಸರ್ ಅಥವಾ ಅದರ ಶಂಕೆ ಕಂಡುಬಂತು. ಅದು ಸೂಕ್ಷ್ಮ ತಪಾಸಣೆಯ ಫಲವೇ ಹೊರತು ವಿಕಿರಣದ್ದಲ್ಲ ಎಂಬುದು ವಿಶ್ವಸಂಸ್ಥೆಯ ಸಮಿತಿಯ ತೀರ್ಮಾನ. ಆದರೂ ಅಳತೆಯೇ ಆಗದ ಮಗುವಿನ ತಂದೆ ತಾಯಿಗೆ ನೆರೆಯೂರಿನ ಮಕ್ಕಳ ಅಂಕಿ ತೋರಿಸಿ ಸಮಾಧಾನ ಹೇಳುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ

ಸಾಮಾನ್ಯ ಅಯೋಡಿನನ್ನು ಮುಂಚಿತವಾಗಿಯೇ ತುಂಬಿಸಿದರೆ ಗ್ರಂಥಿಯು ವಿಕಿರಣಶೀಲ ಅಯೋಡಿನನ್ನು ಹೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 130 ಮಿಲಿಗ್ರಾಂ, 3ರಿಂದ 12 ವರ್ಷದವರಿಗೆ 65, ಒಂದು ತಿಂಗಳಿಂದ 3 ವರ್ಷದವರೆಗೆ 32, ನವಜಾತ ಶಿಶುವಿಗೆ 16 ಮಿಲಿಗ್ರಾಂ. ವಿಕಿರಣ ತಗುಲುವ ಮುಂಚಿನ 24 ಗಂಟೆಗಳಿಂದ ತಗುಲಿದ ನಂತರದ 2 ಗಂಟೆಗಳವರೆಗೆ ಇದರ ಪ್ರಯೋಜನ ಅತ್ಯಧಿಕ. 8 ಗಂಟೆಗಳವರೆಗೂ ಕೊಡಬಹುದು. 24 ಗಂಟೆ ಮೀರಿದ ಮೇಲೆ ಅಪಾಯವೇ ಹೆಚ್ಚು. ಪೋಲೆಂಡ್ 1986ರ ಏಪ್ರಿಲ್ 29ರಿಂದ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಔಷಧವನ್ನು ವಿತರಿಸಿತ್ತು. ಮಾತ್ರೆಯನ್ನು ಅಧಿಕಾರಿಗಳ ಸೂಚನೆ ಇಲ್ಲದೆ ಸೇವಿಸತಕ್ಕದ್ದಲ್ಲ. ಸೇವಿಸಿದಲ್ಲಿ ದಿನಾಂಕ ಮತ್ತು ವೇಳೆಯನ್ನು ಬರೆದಿಡುವುದು; ಮುಂದಿನ ಲೆಕ್ಕದಲ್ಲಿ ಅದು ಅತ್ಯಗತ್ಯ.

ಅಯೋಡಿನ್‌ಯುಕ್ತ ಉಪ್ಪು ಈ ಮಾತ್ರೆಗೆ ಬದಲಿಯಲ್ಲ. 2011ರಲ್ಲಿ ಚೀನಾದ ನಗರಗಳಲ್ಲಿ ಜನರು ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದಿದ್ದರು. ನಮ್ಮ ದೇಶದಲ್ಲಿ ಗ್ರಾಹಕರಿಗೆ ತಲುಪುವ ಉಪ್ಪಿನಲ್ಲಿ ಪ್ರತಿ ಕಿಲೋಗ್ರಾಂಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರತಕ್ಕದ್ದು. ವಯಸ್ಕರ ಮಾತ್ರೆಯಲ್ಲಿರುವ 100 ಮಿಲಿಗ್ರಾಂ ಅಯೋಡಿನ್ ಪಡೆಯಲು ಆರೂವರೆ ಕಿಲೋಗ್ರಾಂಗಿಂತ ಹೆಚ್ಚು ಉಪ್ಪನ್ನು ಒಮ್ಮೆಗೇ ತಿನ್ನಬೇಕಾದೀತು. ಹಾಗೆಂದು ದಿನನಿತ್ಯದ ಅಡುಗೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನು ಬಿಡಬಾರದು: ಅಯೋಡಿನ್ ಕೊರತೆಯಿದ್ದ ಮಕ್ಕಳಲ್ಲಿ ವಿಕಿರಣದ ಅಪಾಯವು ಸುಮಾರು ಮೂರು ಪಟ್ಟಿತ್ತೆಂದು 2005ರಲ್ಲಿ ಪ್ರಕಟವಾದ ಬೆಲಾರೂಸ್ ಮತ್ತು ರಷ್ಯಾದ ಅಧ್ಯಯನವು ತೋರಿಸಿದೆ.

ಕರ್ನಾಟಕಕ್ಕೆ ಸಂಬಂಧಿಸಿದಂತೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಜನವಸತಿಗೆ ಅಯೋಡಿನ್-131 ತಗುಲುವಂತಹ ಅಪಘಾತ ಸಂಭವಿಸಿಲ್ಲ. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರೀಷಿಯಂಯುಕ್ತ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ಸಿಬ್ಬಂದಿಗೆ ವಿಕಿರಣ ತಗುಲಿದ ಪ್ರಕರಣವು ಬೇರೆ ಬಗೆಯದು. ಟ್ರೀಷಿಯಂ ಥೈರಾಯ್ಡ್‌ನಲ್ಲಿ ಶೇಖರವಾಗದೆ ದೇಹದ ನೀರಿನಲ್ಲಿ ಹರಡುವುದರಿಂದ ಅದನ್ನು ಮೂತ್ರದ ಮಾದರಿಯಿಂದ ಅಂದಾಜಿಸಲಾಗುತ್ತದೆ. ವಿಪತ್ತು ನಿರ್ವಹಣಾ ಅಧಿನಿಯಮ, 2005ರಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು.

ಯಾವುದೇ ದೇಶದಲ್ಲಾಗಲಿ ಇಂತಹ ಸಂದರ್ಭ ಎದುರಾದಲ್ಲಿ ನಾಗರಿಕರು ಒಂದು ಹಾಳೆಯಲ್ಲಿ ಪ್ರತಿದಿನ ತಾವು ಇದ್ದ ಸ್ಥಳ, ಮನೆಯೊಳಗೆ ಮತ್ತು ಹೊರಗೆ ಕಳೆದ ವೇಳೆ, ಹಾಲು ಮತ್ತು ನೀರಿನ ಮೂಲ, ಮಕ್ಕಳು ಕುಡಿದ ಪ್ರಮಾಣ ಇವುಗಳನ್ನು ದಿನಾಂಕಸಹಿತ ಬರೆದಿಡುವುದು. ಕತ್ತಿನ ಅಳತೆ ಆದಲ್ಲಿ ಅದರ ಅಂಕಿ, ಪರಿಸರದ ವಿಕಿರಣದ ಅಂಕಿ, ಉಪಕರಣದ ಹೆಸರು, ದಿನಾಂಕ ಮತ್ತು ವೇಳೆ ಇರುವ ಚೀಟಿಯನ್ನು ಕೇಳಿ ಪಡೆಯುವುದು. "ಸಾಮಾನ್ಯ" ಎಂಬ ಒಂದು ಪದವನ್ನಷ್ಟೇ ಬರೆದ ಚೀಟಿಯಿಂದ ಮುಂದೆ ಯಾವ ಲೆಕ್ಕವೂ ಸಾಧ್ಯವಾಗದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

1986ರಲ್ಲಿ ನಾನು ವಿದ್ಯಾರ್ಥಿಯಾಗಿ ಕೀವ್ ನಗರದಲ್ಲಿದ್ದೆ. ಈಗ ನನ್ನ ಥೈರಾಯ್ಡ್ ವಿಕಿರಣ ಪ್ರಮಾಣವನ್ನು ಪರೀಕ್ಷೆಯಿಂದ ತಿಳಿಯಬಹುದೇ?

ತಿಳಿಯಲಾಗದು. ಅಂದು ಅಳತೆ ಆಗಿದ್ದರೆ ಅದರ ದಾಖಲೆ ಮಾತ್ರ ಆಧಾರ. ಇಲ್ಲದಿದ್ದಲ್ಲಿ ವಾಸಸ್ಥಳ, ವಯಸ್ಸು ಮತ್ತು ಆಹಾರದ ವಿವರದಿಂದ ಸ್ಥೂಲ ಅಂದಾಜು ಸಾಧ್ಯ. ವಯಸ್ಕರಾಗಿದ್ದವರ ಅಪಾಯವು ಮಕ್ಕಳಿಗೆ ಹೋಲಿಸಿದರೆ ಬಹಳ ಕಡಿಮೆ. ಕತ್ತಿನಲ್ಲಿ ಗಂಟು ಕಂಡುಬಂದಲ್ಲಿ ಯಾವುದೇ ಪ್ರಮಾಣಪತ್ರಕ್ಕೆ ಕಾಯದೆ ವೈದ್ಯರನ್ನು ಕಾಣುವುದು.

ಅಂದಾಜು ಪ್ರಮಾಣ ಹೆಚ್ಚೆಂದು ಬಂದರೆ ಕ್ಯಾನ್ಸರ್ ಬರುವುದು ಖಚಿತವೇ?

ಇಲ್ಲ. ಪ್ರಮಾಣವು ಅಪಾಯದ ಸಾಧ್ಯತೆಯನ್ನು ಸೂಚಿಸುತ್ತದೆಯೇ ಹೊರತು ರೋಗವನ್ನಲ್ಲ. ಹಾಗೆಯೇ ರೋಗ ಬಂದ ವ್ಯಕ್ತಿಯಲ್ಲಿ ಅದು ವಿಕಿರಣದಿಂದಲೇ ಬಂತೆಂದು ಯಾವ ಪ್ರಮಾಣದ ಅಂಕಿಯೂ ಖಚಿತವಾಗಿ ಹೇಳಲಾರದು.

ಹಾಲನ್ನು ಕುದಿಸಿದರೆ ಅಯೋಡಿನ್-131 ಹೋಗುವುದೇ?

ಕುದಿಸುವುದನ್ನು ನಂಬಿ ಕುಡಿಯಬಾರದು. ಅದನ್ನು ಕಳೆಯುವುದು ಕಾಲ ಮಾತ್ರ. ಹಾಲನ್ನು ಪುಡಿಯಾಗಿಯೋ ಗಿಣ್ಣಾಗಿಯೋ ಪರಿವರ್ತಿಸಿ ಮೂರು ತಿಂಗಳು ದಾಸ್ತಾನು ಮಾಡಿದರೆ ಅದರ ಅಯೋಡಿನ್-131 ಸಾವಿರದ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. ಸೀಸಿಯಂ ಇದ್ದಲ್ಲಿ ಅದು ಉಳಿಯುವುದರಿಂದ ಬಳಕೆಗೆ ಮುನ್ನ ಪ್ರತ್ಯೇಕ ಪರೀಕ್ಷೆ ಆಗತಕ್ಕದ್ದು.